ಮಾಮೂಲಿಯಲ್ಲದ ಆರ್‌ಪಿಜಿಗೆ ಕೂರುವ ಮುನ್ನ

ಡಿಸ್ಕೊ ಎಲಿಸಿಯಂ ಎಂಬ, ಕೊಲೆಯೊಂದರ ಪತ್ತೇದಾರಿಯ ಕಂಪ್ಯೂಟರ್ ಗೇಮನ್ನು ಅರ್ಧಕ್ಕೆ ಬಿಟ್ಟವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಎರಡು ಗಂಟೆ ಆಡಿದ್ರೂ ಒಂದು ಫೈಟ್ ಬರ್ಲಿಲ್ಲ ಮಾರಾಯ, ಬರೀ ಮಾತು." ದೂರಿನಲ್ಲಿ ಸುಳ್ಳೇನಿಲ್ಲ. 2019ರ ಅಕ್ಟೋಬರಿನಲ್ಲಿ ಬಂದ ಆ ಗೇಮಿನಲ್ಲಿ ಮಾಮೂಲಿ ಆರ್‌ಪಿಜಿಯ, ಅಂದರೆ ಒಂದು ಪಾತ್ರವಾಗಿ ಆಡುತ್ತ ಅದನ್ನು ಬೆಳೆಸುವ ಗೇಮಿನ, ಕಾಳಗದ ವ್ಯವಸ್ಥೆಯೇ ಇಲ್ಲ. ಅದೇ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಆರ್‌ಪಿಜಿ ಸೇರಿ ನಾಲ್ಕು ಪ್ರಶಸ್ತಿ ಬಾಚಿಕೊಂಡದ್ದೂ ಅದೇ ಗೇಮ್. ಬಿಟ್ಟವರಿಗೂ ಮೆಚ್ಚಿದವರಿಗೂ ಕಂಡದ್ದು ಒಂದೇ ವಸ್ತು. ಅವರು ಕೈಯಲ್ಲಿ ಹಿಡಿದು ಬಂದ ಅಳತೆಗೋಲು ಮಾತ್ರ ಬೇರೆ.

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಳಮದ್ದಳೆಗೆ ಬಂದವರು ಕಿರೀಟ ಎಲ್ಲಿ, ಕುಣಿತ ಎಲ್ಲಿ ಎಂದು ಕೇಳುವುದಿಲ್ಲ. ಭಾಗವತರ ಪದ, ಮದ್ದಳೆ, ಪಂಚೆ ಉಟ್ಟು ಕೂತ ಅರ್ಥಧಾರಿಗಳು, ಇಷ್ಟೇ ಇರುವುದು. ಕರ್ಣಾರ್ಜುನರ ಯುದ್ಧವೂ ಮಾತಿನಲ್ಲೇ ಮುಗಿಯಬೇಕು ಎಂಬುದು ಕೂರುವ ಮೊದಲೇ ಗೊತ್ತು. ಬಯಲಾಟ ನೋಡುವ ಆಸೆಯಿಂದ ಅಲ್ಲಿಗೆ ಬಂದವನು ಅರ್ಧ ಗಂಟೆಯಲ್ಲಿ ಆಕಳಿಸುತ್ತಾನೆ. ತಪ್ಪು ಅರ್ಥಧಾರಿಗಳದ್ದಲ್ಲ, ಕೇಳುಗನದ್ದೂ ಅಲ್ಲ. ಯಾರೂ ಅವನಿಗೆ ಮೊದಲೇ ಹೇಳಲಿಲ್ಲ, ಅಷ್ಟೆ.

ತೃಪ್ತಿ ಹುಟ್ಟುವುದು ನಿರೀಕ್ಷೆಗೂ ಕೈಗೆ ಸಿಕ್ಕದ್ದಕ್ಕೂ ನಡುವಿನ ಅಂತರದಲ್ಲಿ ಎಂದು ರಿಚರ್ಡ್ ಆಲಿವರ್ ಎಂಬ ಮಾರುಕಟ್ಟೆ ಸಂಶೋಧಕ 1980ರಲ್ಲೇ ವಾದಿಸಿದ್ದರು. ಇದನ್ನು ಕೇಳಿದ ಕೂಡಲೇ ಹಲವರು ಕೊಡುವ ಸಲಹೆ, "ಹಾಗಾದರೆ ಏನನ್ನೂ ನಿರೀಕ್ಷಿಸದೆ ಆಡು". ಆಗದ ಮಾತು. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಬಂದ 1974ರಿಂದ, ಡ್ರ್ಯಾಗನ್ ಕ್ವೆಸ್ಟ್ ಬಂದ 1986ರಿಂದ, ಈ ಜಾತಿಯ ಆಟಗಳು ಒಂದು ಚಕ್ರವನ್ನು ತಲೆಗೆ ಹತ್ತಿಸಿವೆ: ಹೊಡಿ, ಅನುಭವದ ಅಂಕ ಗಳಿಸು, ಲೆವೆಲ್ ಏರು, ದೊಡ್ಡ ಕತ್ತಿ ಕೊಳ್ಳು, ಮತ್ತೆ ಹೊಡಿ. ಮನಸ್ಸನ್ನು ಖಾಲಿ ಮಾಡಿಕೊಂಡರೂ ಬೆರಳು ಖಾಲಿಯಾಗುವುದಿಲ್ಲ. ಹಾಗಾಗಿ ಹಳೆಯ ನಿರೀಕ್ಷೆ ತೆಗೆದು ಆ ಜಾಗದಲ್ಲಿ ಸರಿಯಾದದ್ದನ್ನು ಇಡಬೇಕು. ಇಡಬೇಕಾದದ್ದು ಗೇಮಿನ ಕಟ್ಟಳೆ, ಅದರ ಕಥೆಯಲ್ಲ. ಸೇವ್ (ಆಡಿದಷ್ಟನ್ನು ಉಳಿಸಿಡುವುದು) ಹೇಗೆ, ಸೋತರೆ ಏನು, ಪಾತ್ರ ಬೆಳೆಯುವುದು ಯಾವುದರಿಂದ ಎಂಬುದು ಮೊದಲೇ ತಿಳಿದರೆ ಒಂದು ಚೂರೂ ರುಚಿ ಕೆಡುವುದಿಲ್ಲ. ಕೊಲೆಗಾರ ಯಾರೆಂದು ತಿಳಿದರೆ ಕೆಡುತ್ತದೆ. ನಮ್ಮಲ್ಲಿ ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ: ಯೂಟ್ಯೂಬಿನಲ್ಲಿ ಕೊನೆಯ ದೃಶ್ಯವನ್ನೇ ನೋಡಿರುತ್ತಾರೆ, ಸೇವ್ ಎಲ್ಲಿದೆ ಎಂಬುದು ಮಾತ್ರ ಗೊತ್ತಿರುವುದಿಲ್ಲ.

ಕೊಳ್ಳುವ ಮೊದಲು ಒಂದು ಚೀಟಿ

ಒಂದು ಹಾಳೆಯಲ್ಲಿ ಈ ಪ್ರಶ್ನೆಗಳನ್ನು ಬರೆದು, ಎದುರಿಗೆ ಒಂದೊಂದೇ ಸಾಲಿನ ಉತ್ತರ ಹುಡುಕಿ. ಪಾತ್ರ ಬಲವಾಗುವುದು ಯಾವುದರಿಂದ? ಸೋತರೆ ಹಿಂದಿನ ಸೇವ್‌ಗೆ ಹೋಗಬೇಕೋ, ಸೋಲೂ ಕಥೆಯ ಭಾಗವೋ? ಬೇಕೆಂದಾಗ ಸೇವ್ ಆಗುತ್ತದೆಯೇ? ನೀವು ಸುಮ್ಮನೆ ನಿಂತರೂ ಗೇಮಿನ ಗಡಿಯಾರ ಓಡುತ್ತದೆಯೇ? ಓದುವುದು ಎಷ್ಟು, ಇಂಗ್ಲಿಷ್ ಎಷ್ಟು ಗಟ್ಟಿ? ಪರದೆಯ ಮೇಲೆ ಗೇಮ್ ಮಾಡಿದವರ ಹೆಸರುಗಳು ಹರಿದುಹೋದರೆ ನಿಜಕ್ಕೂ ಮುಗಿಯಿತೇ?

ಉತ್ತರಕ್ಕೆ ಟ್ರೈಲರ್ ನೋಡಬೇಡಿ. ಟ್ರೈಲರ್ ಇರುವುದು ಮಾರಲಿಕ್ಕೆ. ಹತ್ತು ತಾಸಿನಲ್ಲಿ ಒಮ್ಮೆ ಬರುವ ಹೊಡೆದಾಟವನ್ನೇ ಒಂದು ನಿಮಿಷಕ್ಕೆ ತುಂಬಿರುತ್ತಾರೆ. ಜಾಹೀರಾತು ದಾರಿ ತಪ್ಪಿಸುವುದು ಇವತ್ತಿನ ರೋಗವೂ ಅಲ್ಲ. ಅರ್ಥ್‌ಬೌಂಡ್ ಎಂಬ ವಿಚಿತ್ರ ತಮಾಷೆಯ ಜಪಾನಿ ಆರ್‌ಪಿಜಿಯನ್ನು 1995ರಲ್ಲಿ ಅಮೆರಿಕದಲ್ಲಿ ಮಾರುವಾಗ "ಈ ಗೇಮ್ ನಾರುತ್ತದೆ" ಎಂದು, ಉಜ್ಜಿದರೆ ವಾಸನೆ ಬರುವ ಕಾಗದದ ಸಮೇತ ಪ್ರಚಾರ ಮಾಡಿದರು. ಅಲ್ಲಿ ಅದು ನಿರೀಕ್ಷಿಸಿದಷ್ಟು ಹೋಗಲಿಲ್ಲ. ಅಭಿಮಾನಿ ಬಳಗ ಕಟ್ಟಿಕೊಂಡದ್ದು ಆಮೇಲೆ ನಿಧಾನಕ್ಕೆ.

ಅದರ ಬದಲು, ಯಾರೂ ಮಾತಾಡದೆ ಬರಿದೇ ಆಡಿದ ವಿಡಿಯೊ ಹುಡುಕಿ ಮೊದಲ 20 ನಿಮಿಷ ನೋಡಿ, ಅಲ್ಲಿಗೆ ಮುಚ್ಚಿಬಿಡಿ. ಆಮೇಲೆ ಗೇಮ್ ಮಾರುವ ಸ್ಟೀಮ್ ಜಾಲತಾಣದಲ್ಲಿ ಆ ಗೇಮಿನ ಪುಟಕ್ಕೆ ಹೋಗಿ ಹೊಗಳಿಕೆ ಬಿಟ್ಟು ಬೈಗುಳ ಓದಿ. ಐದು ಗಂಟೆಗಿಂತ ಹೆಚ್ಚು ಆಡಿ ಬೈದವರ ಮಾತು ಚಿನ್ನ. "ಬೋರು" ಎಂದವನಿಂದ ಏನೂ ತಿಳಿಯುವುದಿಲ್ಲ. "ನಡೆಯುವುದೇ ನಡೆಯುವುದು, ಎಲ್ಲಿಗೆ ಹೋಗಬೇಕೆಂದು ಬಾಣದ ಗುರುತಿಲ್ಲ" ಎಂದವನು ನಿಮ್ಮ ಚೀಟಿಗೆ ಒಂದು ಕಟ್ಟಳೆ ಬರೆದುಕೊಟ್ಟ ಹಾಗಾಯಿತು. ಆ ಬೈಗುಳವನ್ನು ದೋಷ ಎಂದು ಓದದೆ ವಿವರಣೆ ಎಂದು ಓದಿ ನೋಡಿ: ಬಾಣದ ಗುರುತಿಲ್ಲದ ಗೇಮ್ ನಿಮಗೆ ಬೇಕೋ ಬೇಡವೋ?

ಮಳೆಗಾಲ, ಕರೆಂಟು, ಸೇವ್

ಆಗುಂಬೆಯಿಂದ ಶಿವಮೊಗ್ಗದವರೆಗೆ ಜೂನ್‌ನಿಂದ ಸೆಪ್ಟೆಂಬರ್ ಎಂದರೆ ಗೇಮ್ ಆಡಲು ಹೇಳಿಮಾಡಿಸಿದ ಕಾಲ, ಕರೆಂಟು ಹೋಗಲೂ ಹೇಳಿಮಾಡಿಸಿದ ಕಾಲ. ಮಾಮೂಲಿ ಗೇಮುಗಳು ಐದು ನಿಮಿಷಕ್ಕೊಮ್ಮೆ ತಾವೇ ಸೇವ್ ಮಾಡಿಕೊಂಡು ನಮ್ಮನ್ನು ಸೋಮಾರಿಗಳನ್ನಾಗಿ ಮಾಡಿವೆ. ಮಾಮೂಲಿಯಲ್ಲದ ಇವುಗಳಲ್ಲಿ ಹಲವು ಹಾಗಲ್ಲ. ಇಲ್ಲಿ ಸೇವ್ ಕೂಡ ಆಟದ ಒಂದು ಅಂಗ, ಅದರಲ್ಲಿ ಬೇಕಂತಲೇ ಜಿಪುಣತನ ಮಾಡಿರುತ್ತಾರೆ. ಗೊತ್ತಿಲ್ಲದೆ ಕೂತವರು ಒಂದು ಗಂಟೆಯ ಆಟ ಕಳೆದುಕೊಂಡು ಗೇಮನ್ನೇ ಶಪಿಸುತ್ತಾರೆ.

ನೀರ್: ಆಟೊಮಾಟಾ (2017) ಇದರಲ್ಲಿ ಅತಿ ಕಠಿಣ. ಅದರಲ್ಲಿ ತಾನಾಗಿ ಸೇವ್ ಆಗುವ ವ್ಯವಸ್ಥೆಯೇ ಇಲ್ಲ, ಮೊದಲ ಅಧ್ಯಾಯದಲ್ಲಿ ಕೈಯಾರೆ ಸೇವ್ ಮಾಡಲೂ ಬರುವುದಿಲ್ಲ. ಅರ್ಧ ಗಂಟೆ ಮೀರುವ ಆ ಅಧ್ಯಾಯದಲ್ಲಿ ಸತ್ತರೂ, ಕರೆಂಟು ಹೋದರೂ ಮೊದಲಿನಿಂದ ಶುರು. ಮೋಡ ಕಟ್ಟಿದ ಸಂಜೆ ಅದನ್ನು ಆರಂಭಿಸಬೇಡಿ. ಆರಂಭಿಸುವಾಗ ಕಷ್ಟದ ಮಟ್ಟ ನಾರ್ಮಲ್‌ಗಿಂತ ಮೇಲೆ ಇಡಬೇಡಿ. ಕಿಂಗ್‌ಡಮ್ ಕಮ್: ಡೆಲಿವರೆನ್ಸ್ (2018) ಗೇಮಿನಲ್ಲಿ ಬೇಕೆಂದಾಗ ಸೇವ್ ಮಾಡಲು ಸೇವಿಯರ್ ಶ್ನ್ಯಾಪ್ಸ್ ಎಂಬ ಮದ್ಯದ ಶೀಶೆ ಖರ್ಚಾಗುತ್ತದೆ. ಸ್ವಂತ ಹಾಸಿಗೆಯಲ್ಲಿ ಮಲಗಿದರೆ ಪುಕ್ಕಟೆ ಸೇವ್. ಆಟ ಮುಚ್ಚುವಾಗ 'ಸೇವ್ ಆ್ಯಂಡ್ ಕ್ವಿಟ್' ಒತ್ತಿದರೂ ಆಗುತ್ತದೆ, ಆದರೆ ಮತ್ತೆ ತೆರೆದ ಕೂಡಲೇ ಆ ಸೇವ್ ಅಳಿದುಹೋಗುತ್ತದೆ. ಅಂಡರ್‌ಟೇಲ್‌ನಲ್ಲಿ ಹಳದಿ ನಕ್ಷತ್ರ ಹೊಳೆಯುವ ಕಡೆ ಮಾತ್ರ. ಡಿಸ್ಕೊ ಎಲಿಸಿಯಂ ಉದಾರಿ, ಎಲ್ಲಿ ಬೇಕಾದರೂ ಸರಿ. ಸಂಭಾಷಣೆಯ ನಡುವೆ ಮಾತ್ರ ಆಗುವುದಿಲ್ಲ. ಅದರ ದೊಡ್ಡ ಸಂಭಾಷಣೆ ಇಪ್ಪತ್ತು ನಿಮಿಷ ಎಳೆಯುವುದುಂಟು, ಹಾಗಾಗಿ ಮುಖ್ಯ ಪಾತ್ರವನ್ನು ಮಾತಿಗೆಳೆಯುವ ಮೊದಲು ಒಂದು ಸೇವ್ ಹಾಕಿ.

ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇಬೇಕು. ಅದು ಆಟ ಮುಂದುವರಿಸಲಿಕ್ಕಲ್ಲ, ಸೇವ್ ಮಾಡಿ ಮುಚ್ಚಲಿಕ್ಕೆ. ಗುಡುಗು ಶುರುವಾದರೆ ಚಾರ್ಜರಿನ ಜೊತೆಗೆ ರೂಟರಿನ ಅಡಾಪ್ಟರನ್ನೂ ಸಾಕೆಟ್ಟಿನಿಂದ ಕಿತ್ತುಬಿಡಿ. ಕರೆಂಟು ಬಂದ ಮೇಲೆ ಸ್ಟೀಮ್ ಕೆಲವೊಮ್ಮೆ "ಕ್ಲೌಡ್‌ನಲ್ಲಿ ಒಂದು ಸೇವ್, ಕಂಪ್ಯೂಟರಿನಲ್ಲಿ ಇನ್ನೊಂದು, ಯಾವುದು ಇರಲಿ" ಎಂದು ಕೇಳುತ್ತದೆ. ಅವಸರದಲ್ಲಿ ಒತ್ತಬೇಡಿ. ಎರಡರ ಎದುರೂ ದಿನಾಂಕ, ಸಮಯ ಇರುತ್ತದೆ. ಹೊಸದು ಯಾವುದೋ ಅದು. ನೆಟ್ ಇಲ್ಲದೆ ಆಡಬೇಕಾಗುವ ಊರಿನಲ್ಲಿದ್ದರೆ, ನೆಟ್ ಇದ್ದಾಗಲೇ ಗೇಮನ್ನು ಒಮ್ಮೆ ತೆರೆದು ಮುಚ್ಚಿ, ಆಮೇಲೆ ಸ್ಟೀಮನ್ನು ಆಫ್‌ಲೈನ್ ಮಾಡಿ.

ಡೌನ್‌ಲೋಡ್ ಲೆಕ್ಕವನ್ನೂ ಹಾಕಿ. ಡಿಸ್ಕೊ ಎಲಿಸಿಯಂ ಸುಮಾರು 20 ಜಿಬಿ. 40 ಎಂಬಿಪಿಎಸ್ ಫೈಬರ್ ಪೂರ್ತಿ ವೇಗ ಕೊಟ್ಟರೆ ಒಂದು ಗಂಟೆ ಚಿಲ್ಲರೆ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ 10 ದಿನ. ಹತ್ತು ದಿನ ಕಾದು ಇಳಿಸಿಕೊಂಡ ಗೇಮಿನ ಮೇಲೆ ಆಸೆಯೂ ಹತ್ತು ಪಟ್ಟು ಬೆಳೆದಿರುತ್ತದೆ, ಅದೂ ನಿರೀಕ್ಷೆ ಕೆಡಿಸುವ ಒಂದು ಬಗೆ. ಅಂಥವರು 200 ಎಂಬಿ ಆಸುಪಾಸಿನ ಅಂಡರ್‌ಟೇಲ್‌ನಿಂದ ಶುರುಮಾಡುವುದು ಜಾಣತನ.

ಡಿಸ್ಕೊ ಎಲಿಸಿಯಂ: ಮೊದಲ ರಾತ್ರಿಯವರೆಗೆ

ಕತ್ತಿ ಇಲ್ಲದ ಮೇಲೆ ಲೆವೆಲ್ ಏರಿ ಮಾಡುವುದೇನು? ಇಲ್ಲಿ 24 ಕೌಶಲಗಳಿವೆ, ಬುದ್ಧಿ, ಮನಸ್ಸು, ದೇಹ (ಫಿಸೀಕ್), ಚುರುಕು ಎಂಬ ನಾಲ್ಕು ಗುಂಪುಗಳಲ್ಲಿ ಆರಾರು. ಅವು ನಿಮ್ಮ ಪತ್ತೇದಾರನ ತಲೆಯೊಳಗಿನ ಧ್ವನಿಗಳೂ ಹೌದು. ನಡುನಡುವೆ ಬಾಯಿ ಹಾಕುತ್ತವೆ, ಸಲಹೆ ಕೊಡುತ್ತವೆ, ದಾರಿಯನ್ನೂ ತಪ್ಪಿಸುತ್ತವೆ. ಕೌಶಲ ಹೆಚ್ಚಿದಷ್ಟೂ ಒಳ್ಳೆಯದು ಎಂಬುದು ಬೇರೆ ಗೇಮುಗಳಿಂದ ತಂದ ನಂಬಿಕೆ. ಇಲ್ಲಿ ಎಲೆಕ್ಟ್ರೊಕೆಮಿಸ್ಟ್ರಿ ಏರಿಸಿದರೆ ಅದು ಕುಡಿ, ಸೇದು ಎಂದು ಪೀಡಿಸುತ್ತಲೇ ಇರುತ್ತದೆ. ಧ್ವನಿ ಹೇಳಿತೆಂದು ಕೇಳಲೇಬೇಕಿಲ್ಲ.

ಪಾತ್ರ ಕಟ್ಟುವಾಗ ಒಂದು ಎಚ್ಚರಿಕೆ. ಜೀವದ ಅಂಕ ನಿಲ್ಲುವುದು ದೇಹದ ಗುಂಪಿನ ಎಂಡ್ಯೂರೆನ್ಸ್ ಮೇಲೆ, ಮನೋಬಲದ ಅಂಕ ಮನಸ್ಸಿನ ಗುಂಪಿನ ವೊಲಿಷನ್ ಮೇಲೆ. ಈ ಎರಡು ಗುಂಪುಗಳಲ್ಲಿ ಒಂದನ್ನು 1ಕ್ಕೆ ಇಳಿಸಿದರೆ ಆ ಪಟ್ಟಿಯಲ್ಲಿ ಒಂದೇ ಅಂಕ ಉಳಿಯುತ್ತದೆ. ದೇಹ 1 ಇದ್ದವರು ಮೊದಲ ಕೋಣೆಯಲ್ಲೇ ಸಾಯಬಹುದು: ಫ್ಯಾನಿಗೆ ಸಿಕ್ಕಿಕೊಂಡ ಟೈ ಎಳೆಯಲು ಹೋಗಿ ಎಡವಿದರೆ ಸಾಕು, ಹೃದಯ ನಿಂತುಹೋಗುತ್ತದೆ. ಇದು ಗೇಮಿನ ಕೀಟಲೆ, ನಗಬೇಕಾದ ಜಾಗ. ಕಟ್ಟಳೆ ಗೊತ್ತಿಲ್ಲದವರಿಗೆ ಅನ್ಯಾಯ ಅನ್ನಿಸುತ್ತದೆ. ಮೊದಲ ಸಲ ಆಡುವವರು ಎರಡನ್ನೂ ಕನಿಷ್ಠ 2ಕ್ಕೆ ಇಟ್ಟುಕೊಳ್ಳಿ.

ಇನ್ನು ದಾಳ. ಕಷ್ಟದ ಕೆಲಸ ಬಂದಾಗ ಗೇಮ್ ಎರಡು ದಾಳ ಉರುಳಿಸಿ ನಿಮ್ಮ ಕೌಶಲದ ಅಂಕಿಯನ್ನು ಕೂಡಿಸುತ್ತದೆ. ಕೆಲಸದ ಕಷ್ಟ 10, ನಿಮ್ಮ ಕೌಶಲ 3 ಎಂದುಕೊಳ್ಳಿ: ದಾಳದಲ್ಲಿ 7 ಅಥವಾ ಮೇಲೆ ಬೀಳಬೇಕು, ಗೆಲ್ಲುವ ಸಾಧ್ಯತೆ ಶೇ. 58. ಒಂದೇ ಅಂಕ ಹಾಕಿ ಕೌಶಲವನ್ನು 4 ಮಾಡಿದರೆ ಶೇ. 72. ಕೌಶಲ 1 ಇದ್ದರೆ ಶೇ. 28. ಎರಡೂ ಆರು ಬಿದ್ದರೆ ಯಾವಾಗಲೂ ಗೆಲುವು, ಎರಡೂ ಒಂದು ಬಿದ್ದರೆ ಯಾವಾಗಲೂ ಸೋಲು. ಅದಕ್ಕೇ ಪರದೆಯ ಮೇಲೆ 3ಕ್ಕಿಂತ ಕಡಿಮೆಯೂ 97ಕ್ಕಿಂತ ಹೆಚ್ಚೂ ಕಾಣುವುದಿಲ್ಲ. ಈ ದಾಳದ ಪರೀಕ್ಷೆಗಳಲ್ಲಿ ಬಿಳಿ ಬಣ್ಣದ್ದು ಸೋತರೆ ಆ ಕೌಶಲಕ್ಕೆ ಒಂದು ಅಂಕ ಹಾಕಿ ಮತ್ತೆ ಪ್ರಯತ್ನಿಸಬಹುದು. ಕೆಂಪು ಬಣ್ಣದ್ದು ಒಂದೇ ಸಲ.

ಪ್ರತಿ 100 ಅನುಭವದ ಅಂಕಕ್ಕೆ ಒಂದು ಕೌಶಲದ ಅಂಕ ಸಿಗುತ್ತದೆ. ಬೇರೆ ಗೇಮಿನ ಅಭ್ಯಾಸದಲ್ಲಿ ಬಂದ ಕೂಡಲೇ ಖರ್ಚು ಮಾಡಿಬಿಟ್ಟರೆ, ಮುಖ್ಯವಾದ ಬಿಳಿ ಪರೀಕ್ಷೆ ಸೋತಾಗ ತೆರೆಯಲು ಕೈಯಲ್ಲಿ ಏನೂ ಇರುವುದಿಲ್ಲ. ಒಂದೆರಡು ಅಂಕ ಯಾವಾಗಲೂ ಜೇಬಿನಲ್ಲಿರಲಿ.

ಇಲ್ಲಿ ಬೆರಳಿನ ಹಳೆ ಚಾಳಿ ತಲೆ ಎತ್ತುತ್ತದೆ: ಸೋತ ತಕ್ಷಣ ಹಿಂದಿನ ಸೇವ್ ತೆರೆಯುವುದು. ಇದೊಂದನ್ನು ಬಿಡದಿದ್ದರೆ ಈ ಗೇಮ್ ಹಿಡಿಸುವುದಿಲ್ಲ ಎಂದು ಖಡಾಖಂಡಿತ ಹೇಳಬಹುದು. ಬರೆದವರು ಸೋಲಿಗೂ ಪ್ರತ್ಯೇಕ ಮಾತು, ಪ್ರತ್ಯೇಕ ಪೇಚು, ಕೆಲವೊಮ್ಮೆ ಬೇರೆ ದಾರಿಯನ್ನೇ ಇಟ್ಟಿದ್ದಾರೆ. ಎಲ್ಲವನ್ನೂ ಗೆದ್ದವನಿಗೆ ಗೇಮಿನ ಅರ್ಧದಷ್ಟು ನಗು ಸಿಗುವುದೇ ಇಲ್ಲ. ಜೀವ ಅಥವಾ ಮನೋಬಲ ಸೊನ್ನೆಯಾಗಿ ಆಟವೇ ಮುಗಿದಾಗ ಮಾತ್ರ ಸೇವ್‌ಗೆ ಹಿಂತಿರುಗಿ. ಅದನ್ನು ತಪ್ಪಿಸಲು ಜೀವಕ್ಕೆ ನೊಸಾಫೆಡ್, ಮನೋಬಲಕ್ಕೆ ಮ್ಯಾಗ್ನೀಸಿಯಂ ಎಂಬ ಮದ್ದು ಒಂದೊಂದು ಇಟ್ಟುಕೊಂಡಿರಿ.

ಗಡಿಯಾರದ ಭಯ ಬೇಡ. ಇಲ್ಲಿ ಸಮಯ ಸರಿಯುವುದು ಮಾತಾಡುವಾಗ, ಓದುವಾಗ. ಊರೆಲ್ಲ ಓಡಾಡಿದರೂ ನಿಮಿಷದ ಮುಳ್ಳು ನಿಂತಲ್ಲೇ ನಿಂತಿರುತ್ತದೆ. ದುಡ್ಡಿನ ಚಿಂತೆ ಮಾತ್ರ ನಿಜ. ರಾತ್ರಿ ತಂಗಲು ಬಾಡಿಗೆ ಕಟ್ಟಬೇಕು, ಕೋಣೆ ಹಾಳುಮಾಡಿದ್ದಕ್ಕೆ 130 ರಿಯಾಲ್ ಸಾಲವೂ ತಲೆ ಮೇಲಿದೆ. ಪೊಲೀಸ್ ಆಗಿಯೂ ಪ್ಲಾಸ್ಟಿಕ್ ಚೀಲ ಹಿಡಿದು ಖಾಲಿ ಬಾಟಲಿ ಆಯ್ದು ಮಾರುವುದು ಇಲ್ಲಿ ಮರ್ಯಾದೆಗೇಡಲ್ಲ, ಬಾಡಿಗೆ ಹುಟ್ಟುವ ದಾರಿ.

ಹತ್ತು ಲಕ್ಷಕ್ಕೂ ಹೆಚ್ಚು ಪದಗಳಿವೆ, ಇಂಗ್ಲಿಷೂ ಸಲೀಸಾದದ್ದಲ್ಲ. 2021ರ ಫೈನಲ್ ಕಟ್ ಆವೃತ್ತಿಯಲ್ಲಿ ಮಾತುಗಳಿಗೆಲ್ಲ ಧ್ವನಿ ಕೊಟ್ಟಿದ್ದಾರೆ, ಈಗ ಸಿಗುವುದು ಅದೇ. ಕೇಳುತ್ತ ಓದಿದರೆ ಅರ್ಥವಾಗದ ಪದವೂ ದನಿಯ ಏರಿಳಿತದಲ್ಲಿ ಅಷ್ಟಿಷ್ಟು ಸಿಕ್ಕುತ್ತದೆ. ಶೀಟಿನ ಮನೆಯಲ್ಲಿ ಮಳೆ ಹೊಯ್ಯುವಾಗ ಲ್ಯಾಪ್‌ಟಾಪಿನ ಸ್ಪೀಕರು ಎಲ್ಲಿಗೂ ಸಾಲದು, ಹೆಡ್‌ಫೋನ್ ಹಾಕಿ. ಒಂದು ಸಲಕ್ಕೆ ಒಂದೂವರೆ ಗಂಟೆ ಸಾಕು. ಅದಕ್ಕಿಂತ ಹೆಚ್ಚು ಕೂತರೆ ಕಣ್ಣು ಸಾಲುಗಳನ್ನು ಹಾರಿಸತೊಡಗುತ್ತದೆ, ಹಾರಿಸತೊಡಗಿದ ಮೇಲೆ ಈ ಗೇಮಿನಲ್ಲಿ ಉಳಿಯುವುದು ಬರೀ ನಡಿಗೆ.

ಉಳಿದವು, ಚುಟುಕಾಗಿ

ಅಂಡರ್‌ಟೇಲ್ (2015): ಎದುರಾದವರನ್ನೆಲ್ಲ ಕೊಂದು ಲೆವೆಲ್ ಏರಿಸುವ ಚಾಳಿಯನ್ನು ಬಾಗಿಲ ಹೊರಗೆ ಬಿಡಿ. ಯಾರನ್ನೂ ಕೊಲ್ಲದೆ ಮುಗಿಸಬಹುದೆಂದು ಅದರ ಪ್ರಚಾರದಲ್ಲೇ ಹೇಳಿದ್ದಾರೆ, ಹಾಗಾಗಿ ಇದು ಗುಟ್ಟಲ್ಲ. 'ಆ್ಯಕ್ಟ್' ಒತ್ತಿ ಎದುರಾಳಿಯ ಸ್ವಭಾವಕ್ಕೆ ಹೊಂದುವುದನ್ನು ಮಾಡಿ. ಹೆಸರು ಹಳದಿಯಾದ ಕೂಡಲೇ 'ಮರ್ಸಿ'. ಕೊಲ್ಲದವರ ಜೀವದ ಅಂಕ ಕೊನೆಯವರೆಗೂ 20ರಲ್ಲೇ ಇರುತ್ತದೆ, ಚೀಲದಲ್ಲಿ ಎಂಟೇ ವಸ್ತು ಹಿಡಿಯುತ್ತದೆ. ದೊಡ್ಡ ಎದುರಾಳಿಯ ಮುಂದೆ ಹೋಗುವಾಗ ಚೀಲದ ತುಂಬ ತಿಂಡಿಯೇ ಇರಲಿ. ಗುಂಡುಗಳಿಂದ ತಪ್ಪಿಸಿಕೊಳ್ಳಲು ಬಾಣದ ಕೀಲಿಗಳೇ ಬೇಕು, ಕೀಲಿಮಣೆಯಲ್ಲಿ ಅವು ಸಡಿಲವಾಗಿದ್ದರೆ ಮೊದಲು ಅದನ್ನು ಸರಿಮಾಡಿಸಿ.

ನೀರ್: ಆಟೊಮಾಟಾ: ಹೆಸರುಗಳು ಹರಿದ ಮೇಲೆ ಮುಗಿಯಿತೆಂದು ಅಳಿಸಿದವರು ಗೇಮಿನ ಮುಖ್ಯ ಭಾಗವನ್ನೇ ನೋಡಿಲ್ಲ. ಅದು 'ಎ' ಮುಕ್ತಾಯ. ಸೇವ್ ಮಾಡಿ ಅದೇ ಸೇವನ್ನು ಮತ್ತೆ ತೆರೆಯಿರಿ. 'ಬಿ' ದಾರಿಯಲ್ಲಿ ಕಂಡದ್ದನ್ನೇ ಬಹುಪಾಲು ಇನ್ನೊಬ್ಬರ ಕಣ್ಣಿನಲ್ಲಿ ಕಾಣಬೇಕು, ಬೇಸರ ಬರುವುದೂ ಅಲ್ಲೇ. ಹೊಸ ಕಥೆ ಬಿಚ್ಚಿಕೊಳ್ಳುವುದು 'ಸಿ'ಯಿಂದ ಎಂದು ತಿಳಿದಿದ್ದರೆ 'ಬಿ' ದಾಟುವುದು ಕಷ್ಟವಲ್ಲ.

ಕಿಂಗ್‌ಡಮ್ ಕಮ್: 1403ರ ಬೊಹೀಮಿಯ, ನಾಯಕ ಕಮ್ಮಾರನ ಮಗ. ಕತ್ತಿ ಹಿಡಿಯಲು ಬಾರದು, ಓದಲೂ ಬಾರದು. ಇಬ್ಬರು ದರೋಡೆಕೋರರು ಸೇರಿ ಕೊಂದುಹಾಕಿದರೆ ಗೇಮ್ ಕೆಟ್ಟಿದೆ ಎಂದಲ್ಲ. ರಾಟೇ ಪಟ್ಟಣ ಸೇರಿದ ಮೇಲೆ ಬರ್ನಾರ್ಡ್ ಬಳಿ ಬೇಸರ ಬರುವಷ್ಟು ತಾಲೀಮು ಮಾಡಿ, ಉಜಿಟ್ಸ್‌ನ ಲಿಪಿಕಾರನ ಹತ್ತಿರ ಓದು ಕಲಿಯಿರಿ. ಇವೆರಡಕ್ಕೆ ಮೊದಲು ಜಗಳ ಕಂಡರೆ ಕುದುರೆ ಹತ್ತಿ ಓಡುವುದೇ ಸರಿ.

ಪ್ಯಾಥಲಾಜಿಕ್ 2 (2019): ಪಿಡುಗು ಬಡಿದ ಊರು, 12 ದಿನ, ಹೊಟ್ಟೆಗಿಲ್ಲ. ಗಡಿಯಾರ ನಿಮಗಾಗಿ ಕಾಯುವುದಿಲ್ಲ, ಸತ್ತಾಗ ಬೀಳುವ ದಂಡ ಹಳೆ ಸೇವ್ ತೆರೆದರೂ ಬೆನ್ನು ಬಿಡುವುದಿಲ್ಲ. ಎಲ್ಲರನ್ನೂ ಉಳಿಸುತ್ತೇನೆ ಎಂದು ಹೊರಟವರಿಗೆ ಇದು ಬರೀ ಹಿಂಸೆ. ಯಾರನ್ನು ಬಿಟ್ಟುಕೊಡಲಿ ಎಂದು ಲೆಕ್ಕ ಹಾಕುವವರಿಗೆ ಇದರಷ್ಟು ಗಟ್ಟಿ ಗೇಮ್ ಇನ್ನೊಂದಿಲ್ಲ. ಕಷ್ಟ ತಗ್ಗಿಸುವ ಸೌಕರ್ಯ ಸೆಟ್ಟಿಂಗ್ಸ್‌ನಲ್ಲಿದೆ, ಹಸಿವಿನ ವೇಗ ಇಳಿಸಿಕೊಂಡರೆ ಯಾರೂ ಜಾತಿಯಿಂದ ಹೊರಹಾಕುವುದಿಲ್ಲ. ಮಲೆನಾಡಿನ ಜುಲೈಗೆ ಮಾತ್ರ ಇದನ್ನು ಶಿಫಾರಸು ಮಾಡಲಾರೆವು. ಹೊರಗೂ ಕತ್ತಲೆ, ಒಳಗೂ ಕತ್ತಲೆ.

ಸಿಟಿಜನ್ ಸ್ಲೀಪರ್ (2022): ದಿನಕ್ಕೆ ಹೆಚ್ಚೆಂದರೆ ಐದು ದಾಳ, ಮೈ ಹದಗೆಟ್ಟಷ್ಟೂ ಅವು ಕಡಿಮೆ. ದೊಡ್ಡ ಅಂಕಿಯನ್ನು ಅಪಾಯದ ಕೆಲಸಕ್ಕೆ, ಸಣ್ಣದನ್ನು ಹ್ಯಾಕಿಂಗ್‌ಗೆ ಇಡಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೂ, ವಾರಕ್ಕೆ ಒಂದೇ ಸಂಜೆ ಬಿಡುವಿದ್ದವರಿಗೂ ಒಳ್ಳೆಯ ಆರಂಭ.

ಬಿಡುವುದು ಯಾವಾಗ

ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಸ್ಟೀಮ್ ಹಣ ವಾಪಸ್ ಕೊಡುತ್ತದೆ. ಗೇಮನ್ನು ಪಾಜ್ ಮಾಡಿ ಊಟಕ್ಕೆ ಎದ್ದುಹೋದ ಹೊತ್ತೂ ಆ ಎರಡು ಗಂಟೆಯಲ್ಲಿ ಸೇರುತ್ತದೆ, ಎದ್ದರೆ ಮುಚ್ಚಿಯೇ ಏಳಿ. 90 ನಿಮಿಷಕ್ಕೆ ನಿಲ್ಲಿಸಿ ಚೀಟಿ ತೆಗೆಯಿರಿ. ಸಿಟ್ಟು ತರಿಸಿದ್ದು ಚೀಟಿಯಲ್ಲಿ ಇಲ್ಲದ ವಿಷಯವಾದರೆ, ನಿಮ್ಮ ತಯಾರಿ ಸಾಲಲಿಲ್ಲ. ಅದನ್ನೂ ಬರೆದುಕೊಂಡು ಇನ್ನೊಂದು ದಿನ ಕೂತು ನೋಡಬಹುದು. ಚೀಟಿಯಲ್ಲಿ ಇದ್ದದ್ದೇ, ಗೊತ್ತಿದ್ದೂ ಸಹಿಸಲಾಗುತ್ತಿಲ್ಲ ಎಂದಾದರೆ ಆ ಗೇಮ್ ನಿಮ್ಮದಲ್ಲ, ಹಣ ವಾಪಸ್ ಪಡೆಯಿರಿ. ಪ್ರಶಸ್ತಿ ಬಂದಿದೆ, ಎಲ್ಲರೂ ಹೊಗಳಿದ್ದಾರೆ ಎಂಬ ಮುಲಾಜಿಗೆ ಮೂವತ್ತು ಗಂಟೆ ತೆರಬೇಕಾಗಿಲ್ಲ.

ಬೇರೆಯವರಿಗೆ ಹೇಳುವಾಗ

"ಆಡು, ತಲೆ ತಿರುಗುತ್ತೆ, ಇಂಥದ್ದು ಬಂದೇ ಇಲ್ಲ" ಎಂದರೆ ಕೇಳಿದವನ ನಿರೀಕ್ಷೆ ಮುಗಿಲಿಗೆ ಏರುತ್ತದೆ. ಏನನ್ನು ನಿರೀಕ್ಷಿಸಬೇಕು ಎಂಬುದು ಮಾತ್ರ ಅವನಿಗೆ ತಿಳಿಯುವುದಿಲ್ಲ. ಮೊದಲು ಗೇಮಿನಲ್ಲಿ ಏನು ಇಲ್ಲ ಎಂಬುದು, ಆಮೇಲೆ ಅದರ ಬದಲು ಏನಿದೆ ಎಂಬುದು, ಕೊನೆಗೆ ಮೊದಲ ದಿನ ಬೀಳುವ ಒಂದು ಗುಂಡಿ, ಇಷ್ಟು ಹೇಳಿದರೆ ಸಾಕು. "ನೋಡು ತಮ್ಮ, ಡಿಸ್ಕೊದಲ್ಲಿ ಫೈಟ್ ಇಲ್ಲ, ಎಲ್ಲ ಮಾತು, ದಾಳ. ಸೋತ್ರೂ ಕಥೆ ಮುಂದೆ ಹೋಗುತ್ತೆ, ಲೋಡ್ ಮಾಡ್ಬೇಡ. ಫಿಸೀಕ್ ಒಂದಕ್ಕೆ ಇಳಿಸಿ ಟೈ ಎಳೀಲಿಕ್ಕೆ ಹೋಗ್ಬೇಡ." ಕೊಲೆಯ ಬಗ್ಗೆ ಅವನೇ ಕೇಳಿದರೂ ಬಾಯಿ ಬಿಡಬೇಡಿ.